ಸುದ್ದಿಗೆ ಮುಂಚಿನ ಇಪ್ಪತ್ತು ನಿಮಿಷ

ಅಂಗಡಿಯಿಂದ,
ಮಂಗಳವಾರ, ಮಾರ್ಚ್ 14

ನನ್ನ ಮುದ್ದಿನ ಬಾಯಿಬಡುಕಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಎಡ ಮೊಣಕಾಲೊಂದನ್ನು ಬಿಟ್ಟು. ಭಾನುವಾರ ನೀನು ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ನಿನ್ನೆ ಎರಡು ಸಲ ಮಾಡಿದೆ, ಆಗಲೂ ಎತ್ತಲಿಲ್ಲ. ತಪ್ಪಾಯಿತು. ಸ್ನಾನಕ್ಕೆ ಹೋಗಿದ್ದೆ, ಫೋನು ಚಾರ್ಜಿಗೆ ಇಟ್ಟಿದ್ದೆ ಅಂತೆಲ್ಲ ಸುಳ್ಳು ಹೇಳುವುದಿಲ್ಲ. ಫೋನು ನನ್ನ ಕೈಯಲ್ಲೇ ಇತ್ತು. ನಿನ್ನ ಫೋಟೋ ಬೆಳಗಿ ಆರುವುದನ್ನು ನೋಡುತ್ತ ಕೂತಿದ್ದೆ.

ಈ ಕಾಗದವನ್ನು ಐದು ದಿನದಿಂದ ಬರೆಯುತ್ತಿದ್ದೇನೆ. ಮೂರು ಸಲ ಹರಿದು ಹಾಕಿದೆ. ಎದುರಿನ ಕಟಿಂಗ್ ಶಾಪಿನ ನಿನ್ನ ಮಾವನಿಗೆ ಮಾತ್ರ ವಿಷಯ ಗೊತ್ತು. ಅವನು ಕತ್ತರಿ ಹಿಡಿದುಕೊಂಡೇ ಬೈದ. "ಫೋನಲ್ಲಿ ಹೇಳೋಕೆ ಹೋದ್ರೆ ನೀನು ಅರ್ಧಕ್ಕೇ ಕೆಮ್ಮೋಕೆ ಶುರು ಮಾಡ್ತೀಯ. ಆಮೇಲೆ ಅಲ್ಲಿ ಚಳಿ ಇದೆಯಾ ಸೆಕೆ ಇದೆಯಾ ಅಂತ ಕೇಳಿ ಇಟ್ಬಿಡ್ತೀಯ. ಬರೆದು ಕಳ್ಸು. ಬರೆದದ್ದಕ್ಕೆ ಕೆಮ್ಮು ಬರಲ್ಲ" ಅಂದ. ಮೂವತ್ತು ವರ್ಷದಿಂದ ನನ್ನ ತಲೆಗೂದಲು ಕತ್ತರಿಸುತ್ತಿರುವವನು, ತಲೆಯೊಳಗೆ ಏನಿದೆ ಅಂತಲೂ ಅವನಿಗೆ ಗೊತ್ತಿದ್ದರೆ ಆಶ್ಚರ್ಯವಿಲ್ಲ.

ಹೋದ ತಿಂಗಳು ನೀನು ಹೇಳಿದ್ದೆಯಲ್ಲ, "ಸಾಕು ಅಪ್ಪ, ಅಂಗಡಿ ಮುಚ್ಚಿ ನನ್ನ ಮನೆಗೇ ಬಂದ್ಬಿಡು, ಒಂದು ರೂಮು ನಿನಗೇ ಅಂತ ಇಟ್ಟಿದೀನಿ" ಅಂತ. ನಾನು ಒಂದು ವಾರ ಬಿಂಕ ಮಾಡಿ ಆಮೇಲೆ ಹೂಂ ಅಂದೆ. ಹೂಂ ಅಂದ ದಿನದಿಂದ ಸಾಮಾನು ಕಟ್ಟುತ್ತಲೇ ಇದ್ದೇನೆ. ಹೋಗುವವರಿಗೆ ಬರುವವರಿಗೆಲ್ಲ ಹೇಳಿ ತಲೆ ತಿಂದಿದ್ದೇನೆ. ಈಗ ಈ ಕಾಗದ ಓದಿ ಮುಗಿಸಿದ ಮೇಲೆ ಆ ರೂಮು ನನಗೆ ಉಂಟೋ ಇಲ್ಲವೋ ನೀನೇ ತೀರ್ಮಾನ ಮಾಡು. ಅದಕ್ಕೋಸ್ಕರವೇ ಬರೆಯುತ್ತಿರುವುದು.

ಮೊದಲು ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ.

ಅಂಗಡಿಯ ಹಿತ್ತಲಿನಲ್ಲಿರುವ ಹಳೆಯ ದೊಡ್ಡ ಡಿಶ್ ನಿನಗೆ ನೆನಪಿರಬೇಕು. ಊರಿಗೆ ಬಂದ ಮೊಟ್ಟಮೊದಲ ಡಿಶ್ ಅದು. ಲಾರಿಯಲ್ಲಿ ಇಳಿಸಿದಾಗ ಜನ ಸುತ್ತುಗಟ್ಟಿ, "ಇಷ್ಟು ದೊಡ್ಡ ಜಾಲರೀಲಿ ಏನು ಒಣಗಿಸ್ತೀಯಪ್ಪ?" ಅಂತ ಗೇಲಿ ಮಾಡಿದ್ದರು. ನಾನು ಆಗ ರೇಡಿಯೋ ರಿಪೇರಿಯವನು. ಬೆಸುಗೆ ಹಾಕುವ ಕಡ್ಡಿ ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದವನನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನೂ ನಿನ್ನಮ್ಮನೂ ಎರಡು ದಿನ ಒದ್ದಾಡಿ ಅದರಲ್ಲಿ ಮೊದಲು ಹಿಡಿದದ್ದು ಯಾವುದೋ ದೇಶದ ಹವಾಮಾನ ವರದಿ. ಭಾಷೆ ಒಬ್ಬರಿಗೂ ಗೊತ್ತಿಲ್ಲ. ಎಲ್ಲೋ ಒಂದು ಊರಲ್ಲಿ ನಾಳೆ ಹಿಮ ಬೀಳುತ್ತದೆ ಅನ್ನುವುದನ್ನು ಅರ್ಧ ಬೀದಿಯ ಜನ ಬಾಯಿ ಬಿಟ್ಟುಕೊಂಡು ನೋಡಿದರು. ನಗುತ್ತಿದ್ದವರೇ ಮಾರನೆಯ ವಾರ ಬಂದು, "ನಮ್ಮನೇಗೂ ಒಂದು ಹಾಕಿಕೊಡಿ ಸಾರ್" ಅಂದರು. ಸಾರ್! ನಿನ್ನಮ್ಮ ಒಂದು ದಿನವೆಲ್ಲ ನನ್ನನ್ನು ಸಾರ್ ಅಂತಲೇ ಕರೆದು ಕಾಡಿದಳು.

ಆಮೇಲೆ ನಡೆದದ್ದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಜಗತ್ತಿನಲ್ಲೆಲ್ಲ ಅದೇ ಆಯಿತಂತೆ. ಹತ್ತು ವರ್ಷದಲ್ಲಿ ಒಂದು ಚಾನೆಲ್ ನೂರಾಯಿತು, ಮರುಭೂಮಿಯ ಗುಡಾರದ ಪಕ್ಕದಲ್ಲೂ ಡಿಶ್, ಹದಿನೈದನೇ ಮಹಡಿಯ ಕಿಟಕಿಯಲ್ಲೂ ಡಿಶ್. ಡಿಶ್ಶುಗಳು ಚಿಕ್ಕದಾಗುತ್ತ ಆಗುತ್ತ ಊಟದ ತಟ್ಟೆಯಷ್ಟಕ್ಕೆ ಬಂದು ನಿಂತವು. ಎಲ್ಲವೂ ಆಕಾಶದಲ್ಲಿ ಒಂದೇ ಕಡೆಗೆ ಮುಖ ಮಾಡಿರುವುದನ್ನು ನೋಡಿದರೆ ನಾನು ಇವತ್ತಿಗೂ ದಾರಿಯಲ್ಲೇ ನಿಂತುಬಿಡುತ್ತೇನೆ. ಈಗಿನವರಿಗೆ ಅದೂ ಬೇಡ. ಎಲ್ಲರ ಅಂಗೈಯಲ್ಲೂ ಫೋನಿದೆ, ನನ್ನ ಅಂಗಡಿಯಲ್ಲಿ ನೊಣವಿದೆ.

ನೀನು ವರದಿಗಾರ್ತಿಯಾಗಿ ಕೆಲಸಕ್ಕೆ ಸೇರಿದ ಮೇಲೆ, ನಾಲ್ಕು ವರ್ಷದ ಹಿಂದೆ, ಹೊತ್ತು ಹೋಗದೆ ಒಂದು ಸಂಜೆ ಆ ಹಳೆಯ ಡಿಶ್ಶಿನ ಹಿಡಿ ತಿರುಗಿಸುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ನೀನು! ಚಾನೆಲ್ ಅಲ್ಲ. ಕೆಳಗೆ ಓಡುವ ಅಕ್ಷರವಿಲ್ಲ, ಸಂಗೀತವಿಲ್ಲ. ಮೈಕ್ ಹಿಡಿದು ರಸ್ತೆ ಬದಿಯಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದೆ. ಆಗ ಹೊಳೆಯಿತು, ಇದು ಫೀಡ್ ಅಂತ. ನಿನಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ನಿಮ್ಮ ವ್ಯಾನು ಚಿತ್ರವನ್ನು ಉಪಗ್ರಹಕ್ಕೆ ಎಸೆಯುತ್ತದೆ, ನಿಮ್ಮ ಸ್ಟುಡಿಯೋ ಅದನ್ನು ಕೆಳಗೆ ಹಿಡಿಯುತ್ತದೆ. ಆದರೆ ಮೇಲಿಂದ ಬಿದ್ದದ್ದು ಸ್ಟುಡಿಯೋದ ಮೇಲೆ ಮಾತ್ರ ಬೀಳುತ್ತದೆಯೇ? ನನ್ನ ಹಿತ್ತಲಿಗೂ ಬೀಳುತ್ತದೆ. ಬೇರೆಯವರಿಗೆ ಕಾಣದ ಹಾಗೆ ಅದಕ್ಕೆ ಬೀಗ ಹಾಕಿ ಕಳಿಸಬೇಕು. ನಿಮ್ಮವರು ಹಾಕುವುದಿಲ್ಲ, ಸೋಮಾರಿಗಳು.

ಅವತ್ತಿನಿಂದ ದಿನಾ ಸಂಜೆ ಆರೂ ನಲವತ್ತಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದು ಕೂರುತ್ತೇನೆ. ಏಳರ ಸುದ್ದಿಗೆ ಮುಂಚೆ ಇಪ್ಪತ್ತು ನಿಮಿಷ ನಿನ್ನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿರುತ್ತಾರೆ. ನೀನು ಹೇರ್‌ಪಿನ್ ಜೊತೆ ಜಗಳವಾಡುತ್ತೀಯ. ಹೇಳಬೇಕಾದ್ದನ್ನು ಕಾಲಲ್ಲಿ ತಾಳ ಹಾಕುತ್ತ ಬಾಯಿಪಾಠ ಮಾಡುತ್ತೀಯ. ಕ್ಯಾಮೆರಾದ ಆ ಗಡ್ಡದವನನ್ನು, "ಇದೇನು ಶೂನಾ, ದೋಣೀನಾ?" ಅಂತ ರೇಗಿಸುತ್ತೀಯ. ಏಳು ಗಂಟೆಯ ಸುದ್ದಿಯವಳು ದೇಶಕ್ಕೆಲ್ಲ ಸೇರಿದವಳು, ಮುಂಚಿನ ಇಪ್ಪತ್ತು ನಿಮಿಷದವಳು ನನ್ನ ಮಗಳು. ಭಾನುವಾರ ಫೋನಲ್ಲಿ, "ಗಂಟಲು ಕಟ್ಟಿದೆ ಅಲ್ವಾ, ಬಿಸಿನೀರು ಕುಡಿ" ಅಂತ ನಾನು ಅಂದರೆ, "ಅಯ್ಯೋ, ನಿನಗೆ ಹೇಗೆ ಗೊತ್ತಾಯ್ತಪ್ಪ?" ಅಂತ ನೀನು ಆಶ್ಚರ್ಯಪಡುತ್ತಿದ್ದೆ. "ಹೆತ್ತವರಿಗೆ ಗೊತ್ತಾಗುತ್ತೆ" ಅಂತ ಜಂಬ ಕೊಚ್ಚುತ್ತಿದ್ದೆ. ಇಲ್ಲ ಪುಟ್ಟಿ. ಕದ್ದು ನೋಡುತ್ತಿದ್ದೆ. ಹೇಳಬೇಕು ಅಂತ ನೂರು ಸಲ ಅನ್ನಿಸಿತು. ಹೇಳಿದರೆ ನೀನು ವ್ಯಾನಿನವರಿಗೆ ಹೇಳುತ್ತೀಯ, ಅವರು ಬೀಗ ಹಾಕುತ್ತಾರೆ, ನನಗೆ ಬರೀ ಸುದ್ದಿಯವಳು ಉಳಿಯುತ್ತಾಳೆ. ಅದಕ್ಕೇ ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ.

ಹೋದ ಗುರುವಾರ ನೀವು ಆ ದೊಡ್ಡ ಆಸ್ಪತ್ರೆಯ ಮುಂದೆ ನಿಂತಿದ್ದಿರಿ. ಗಾಳಿ ಜೋರಾಗಿತ್ತು. ನಿಮ್ಮ ಇಂಜಿನಿಯರು ವ್ಯಾನಿನ ನೆತ್ತಿಗೆ ಹತ್ತಿ ಡಿಶ್ಶಿನ ಬೋಲ್ಟು ಬಿಗಿದು ಇಳಿದ. ಅವನು ಮೇಲಿರುವಷ್ಟು ಹೊತ್ತೂ ನೀನು ಆ ಕಡೆಗೆ ಬೆನ್ನು ಹಾಕಿದ್ದೆ. ನಾನೂ ಗಮನಿಸಿದೆ, ಗಡ್ಡದವನೂ ಗಮನಿಸಿದ. ಅವನ ಧ್ವನಿ ಕೇಳಿಸಿತು. "ಅವ್ನು ಮೇಲೆ ಹತ್ತಿದಾಗೆಲ್ಲ ನೀನು ಯಾಕೆ ಹೀಗೆ ತಿರುಗಿ ನಿಲ್ತೀಯ? ಮೂರು ವರ್ಷದಿಂದ ನೋಡ್ತಿದೀನಿ."

ನೀನು ನಕ್ಕು ತಳ್ಳಿಹಾಕುತ್ತೀಯ ಅಂದುಕೊಂಡೆ. ನಗಲಿಲ್ಲ. ಮೈಕಿನ ತುದಿಯನ್ನು ಉಗುರಿನಲ್ಲಿ ಕೆರೆಯುತ್ತ ಮಾತಾಡಿದೆ. ನಿನ್ನ ಒಂದೊಂದು ಮಾತೂ ನನ್ನ ಕಿವಿಯಲ್ಲಿ ಹಾಗೇ ಕೂತಿದೆ, ಕೂತಂತೆಯೇ ಬರೆಯುತ್ತೇನೆ.

"ನಮ್ಮಪ್ಪ ಡಿಶ್ ಹಾಕೋರು. ನನಗೆ ಹದಿಮೂರು ವರ್ಷ ಆಗ. ಅವತ್ತು ಮಧ್ಯಾಹ್ನ ಮೂರಕ್ಕೆ ಫೈನಲ್ ಮ್ಯಾಚು. ಊರಿಗೆ ಊರೇ ಅವ್ರ ಹಿಂದೆ ಬಿದ್ದಿತ್ತು. ಅಮ್ಮಂಗೆ ಬೆಳಿಗ್ಗೆಯಿಂದ ತಲೆನೋವು, ಮನೇಲೇ ಇದ್ರು. ಎರಡೂಕಾಲಕ್ಕೆ ಅಡುಗೆಮನೇಲಿ ಬಿದ್ರು. ಮಾತು ತೊದಲ್ತಿತ್ತು. ನಾನು ಓಡಿದೆ. ಬೀದಿ ಬೀದೀಲಿ ತಲೆ ಎತ್ತಿ ಮಹಡಿ ನೋಡ್ಕೊಂಡು ಓಡಿದೆ. ಬೇಕರಿ ಮೇಲೆ ಇದ್ರು, ಮೂರನೇ ಮಹಡಿ. ಎರಡೂ ಕೈ ಎತ್ತಿ ಕೂಗಿದೆ. ಅಪ್ಪ ನನ್ನನ್ನ ನೋಡಿದ್ರು. ನಕ್ಕರು. ಕೈ ಬೀಸಿದ್ರು. ಪಕ್ಕದ ಮಹಡಿಗೆ ದಾಟಿ ಹೋದ್ರು."

ಪುಟ್ಟಿ, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾಕೆ ಎದ್ದೆನೋ ಗೊತ್ತಿಲ್ಲ. ಪರದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ನೀನು ಅದರೊಳಗೆ ಇದ್ದೀಯ ಅನ್ನುವ ಹಾಗೆ. ನೀನು ಅವತ್ತು ನನ್ನನ್ನು ಹುಡುಕಿಕೊಂಡು ಬಂದಿದ್ದರ ಬಗ್ಗೆ ಹದಿನಾರು ವರ್ಷದಲ್ಲಿ ಒಂದು ಅಕ್ಷರ ಆಡಿದವಳಲ್ಲ.

ಗಡ್ಡದವನು, "ಮತ್ತೆ ಅವ್ರನ್ನ ಮನೆಗೆ ಕರ್ಕೊಂಡು ಬರ್ತಿದೀಯಲ್ಲ?" ಅಂದ.

ನೀನು ಹೇಳಿದೆ: "ನಮ್ಮನೇಲಿ ಒಂದು ಸನ್ನೆ ಇತ್ತು. ಅಪ್ಪ ಯಾರ ಮನೆ ಮೇಲೆ ಡಿಶ್ ತಿರುಗ್ಸಿದ್ರೂ ಅಮ್ಮ ಕೆಳಗೆ ಟಿವಿ ನೋಡ್ಕೊಂಡು ಕಿಟಕೀಲಿ ನಿಲ್ತಿದ್ರು. ಒಂದು ಕೈ ಎತ್ತಿದ್ರೆ ಇನ್ನೂ ಸ್ವಲ್ಪ ತಿರುಗ್ಸು ಅಂತ. ಎರಡೂ ಕೈ ಎತ್ತಿದ್ರೆ ಚಿತ್ರ ಬಂತು, ಇನ್ನು ಮುಟ್ಬೇಡ ಅಂತ. ಅಪ್ಪ ಹಾಗೆ ಅಂದ್ಕೊಂಡ್ರು. ಹಾಗೇ ಅಂದ್ಕೊಂಡಿರ್ಬೇಕು. ಅದನ್ನ ನಂಬ್ಕೊಂಡೇ ಇಷ್ಟು ವರ್ಷ ಅವ್ರ ಜೊತೆ ಮಾತಾಡಿದೀನಿ. ನಾನು ಬಂದಿದ್ದೆ ಅಂತ ಅವ್ರಿಗೆ ಹೇಳಿದ್ರೆ ಅವ್ರು ಉಳಿಯಲ್ಲ. ಅದಕ್ಕೇ ಹೇಳಿಲ್ಲ."

ಅಷ್ಟರಲ್ಲಿ ಸ್ಟುಡಿಯೋದವರು ಕಿವಿಯಲ್ಲಿ ಏನೋ ಅಂದರು. ನೀನು ಕಣ್ಣಿನ ಕೆಳಗೆ ಬೆರಳು ಒತ್ತಿಕೊಂಡೆ, ಕೂದಲು ಕಿವಿಯ ಹಿಂದೆ ಸರಿಸಿದೆ, ಸುದ್ದಿಯವಳಾದೆ. ಪಕ್ಕದಲ್ಲಿ ಇನ್ನೊಂದು ಟಿವಿಯಲ್ಲಿ ಚಾನೆಲ್ ಹಾಕಿರುತ್ತೇನೆ. ಅದರಲ್ಲಿ ನೀನು ಎರಡು ಸೆಕೆಂಡು ತಡವಾಗಿ ಬರುತ್ತೀಯ. ಒಂದರಲ್ಲಿ ನೀನು ಆಗಲೇ ಮಾತಾಡುತ್ತಿದ್ದೆ, ಇನ್ನೊಂದರಲ್ಲಿ ಸ್ಟುಡಿಯೋದವನು ಇನ್ನೂ ನಿನ್ನನ್ನು ಕರೆಯುತ್ತಿದ್ದ. ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಕಡಿಮೆ ಇದೆ ಅಂತ ದೇಶಕ್ಕೆ ಹೇಳಿದೆ, ಒಂದು ಕಡೆಯೂ ತಡವರಿಸಲಿಲ್ಲ. ನಾನು ಎರಡೂ ಟಿವಿ ಆರಿಸಿ, ಚಪ್ಪಲಿ ಹಾಕಿಕೊಳ್ಳದೆ ರಸ್ತೆ ದಾಟಿ ಕಟಿಂಗ್ ಶಾಪಿಗೆ ಹೋದೆ. ಅವನು ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನು ನನ್ನ ಮುಖ ನೋಡಿ ಬ್ರಷ್ ಕೆಳಗಿಟ್ಟ. "ಏನಾಯ್ತು? ಮಗಳು ಹುಷಾರಾಗಿದಾಳೆ ತಾನೇ?" ಅಂದ. ಅವನನ್ನು ಹೊರಗೆ ಕರೆದು, ಕೇಳಿದ್ದನ್ನೆಲ್ಲ ಹೇಳಿದೆ.

ಅವತ್ತಿನ ದಿನದ ಬಗ್ಗೆ ನಾವಿಬ್ಬರೂ ಒಂದು ಸಲವೂ ಬಾಯಿಬಿಟ್ಟಿಲ್ಲ. ಚಾನೆಲ್ಲಿನವರು ಹಿಂದಿನ ರಾತ್ರಿ ಹೇಳದೆ ಕೇಳದೆ ಬೇರೆ ಉಪಗ್ರಹಕ್ಕೆ ಹೋಗಿಬಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಊರಿನ ಎಲ್ಲ ಡಿಶ್ಶುಗಳೂ ಕುರುಡಾಗಿದ್ದವು. ಒಂದೊಂದನ್ನೂ ನಾಲ್ಕು ಬೆರಳು ಪಡುವಣಕ್ಕೆ ತಿರುಗಿಸಬೇಕಿತ್ತು. ಅದನ್ನು ಬಲ್ಲವನು ನಾನೊಬ್ಬನೇ. ಮೂರು ಗಂಟೆಗೆ ಮ್ಯಾಚು. ಒಂದು ಮಹಡಿಯಲ್ಲಿ ಚಿತ್ರ ಬಂದ ಕೂಡಲೇ ಕೆಳಗಿನಿಂದ ಚಪ್ಪಾಳೆ, ಪಕ್ಕದ ಮಹಡಿಯವರು ನನ್ನನ್ನು ಕೈಹಿಡಿದು ಗೋಡೆ ದಾಟಿಸುತ್ತಿದ್ದರು. ನಾಲ್ಕೂವರೆಗೆ ಮನೆಗೆ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಹೊಲಿಗೆ ಅಂಗಡಿಯ ಅಕ್ಕ ನಿನ್ನಮ್ಮನನ್ನು ಆಸ್ಪತ್ರೆಗೆ ಸಾಗಿಸಿದ್ದಳು. ಡಾಕ್ಟರು, "ಬಿದ್ದದ್ದು ಎಷ್ಟು ಹೊತ್ತಿಗೆ?" ಅಂತ ಕೇಳಿದರು. ನೀನು ನೆಲ ನೋಡುತ್ತ, "ಎರಡೂಕಾಲು" ಅಂದೆ. ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಎರಡೂಕಾಲು ಗಂಟೆಯಿಂದ ನಾಲ್ಕೂವರೆಯವರೆಗೆ ನೀನು ಏನು ಮಾಡಿದೆ ಅಂತ ನಾನು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ನಿನ್ನಮ್ಮನನ್ನು ಮಸಣಕ್ಕೆ ಕಳಿಸಿಕೊಟ್ಟ ಮೇಲೂ ಕೇಳಲಿಲ್ಲ. ನೀನು ಓದಲು ದೊಡ್ಡಮ್ಮನ ಮನೆಗೆ ಹೊರಟಾಗ ಬಸ್ಸಿನ ಕಿಟಕಿ ಹಿಡಿದು, "ಹುಷಾರು" ಅಂತ ಮಾತ್ರ ಹೇಳಿದೆ.

ನೀನು ನಂಬಿರುವುದು ಸರಿ ಮಗಳೇ. ನಾನು ಸನ್ನೆ ಅಂತಲೇ ತಿಳಿದುಕೊಂಡೆ. ನೀನು ಎರಡೂ ಕೈ ಎತ್ತಿದೆ, ನಿನ್ನಮ್ಮ ಎತ್ತುತ್ತಿದ್ದ ಹಾಗೆಯೇ. ಅಮ್ಮನ ಬದಲು ನೀನು ಬಂದಿದ್ದೀಯ, ಬೇಕರಿಯವರ ಟಿವಿಯಲ್ಲಿ ಚಿತ್ರ ಬಂತು, ಇನ್ನು ಮುಟ್ಟಬೇಡ ಅನ್ನುತ್ತಿದ್ದೀಯ ಅಂದುಕೊಂಡೆ. ಬೀದಿಯ ಗಲಾಟೆಯಲ್ಲಿ ನಿನ್ನ ಕೂಗು ಮೇಲಕ್ಕೆ ಬರಲಿಲ್ಲ. ಇಷ್ಟು ಹುಷಾರಿ ಮಗಳು ಅಂತ ಹೆಮ್ಮೆಯಿಂದ ನಕ್ಕೆ. ಹೀಗಾಯಿತು ನೋಡು. ಜಗತ್ತಿನ ಯಾವ ಮನೆಯಲ್ಲೂ ಇಂಥ ತಪ್ಪು ಆಗಿರಲಾರದು. ನಮ್ಮ ಮನೆಯಲ್ಲಿ ಆಯಿತು. ಹದಿಮೂರು ವರ್ಷದ ಕೂಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನು ಕಾಪಾಡಿಕೊಂಡು ಬಂತಲ್ಲ. ನಾನು ನಿನ್ನನ್ನು ದಿನಾ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನನ್ನು ನೀನು ಕಾದಿದ್ದೀಯ.

ಇವತ್ತು ಬೆಳಿಗ್ಗೆ ಹಿತ್ತಲಿನ ಡಿಶ್ಶಿನ ವೈರು ಕತ್ತರಿಸಿ ಹಾಕಿದೆ. ನಿಮ್ಮ ಇಂಜಿನಿಯರಿಗೆ ಹೇಳು, ಚಿತ್ರಕ್ಕೆ ಬೀಗ ಹಾಕಿಯೇ ಕಳಿಸಲಿ. ನನ್ನಂಥ ಮುದುಕರು ಊರೂರಲ್ಲೂ ಇರುತ್ತಾರೆ. ಇನ್ನು ಮೇಲೆ ಏಳು ಗಂಟೆಗೆ ಎಲ್ಲರ ಜೊತೆ ನಾನೂ ನೋಡುತ್ತೇನೆ. ಕಟ್ಟಿದ ಸಾಮಾನು ಕಟ್ಟಿದ ಹಾಗೇ ಇದೆ. ಬಾ ಅಂದರೆ ಬರುತ್ತೇನೆ, ಬೇಡ ಅಂದರೆ ಬಿಚ್ಚಿಡುತ್ತೇನೆ. ಬೇಡ ಅನ್ನುವುದಕ್ಕೆ ಕಾರಣ ಕೊಡುವುದು ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತುಕೊಂಡು ಬಿಸ್ಕತ್ತು ತಿನ್ನುವುದು ಊಟವಲ್ಲ. ನಿನ್ನ ಮಾತು ನಾಲ್ಕು ಜನ ನಂಬುವಂಥದ್ದಾಗಿಯೇ ಇರಲಿ, ನಿನ್ನ ಆಯಸ್ಸು ನನ್ನದನ್ನೂ ಸೇರಿಸಿಕೊಂಡು ಬೆಳೆಯಲಿ. ನಿನ್ನ ಅಮ್ಮನ ಆಶೀರ್ವಾದವಂತೂ ನಿನಗೆ ಇದ್ದೇ ಇದೆ, ಅದನ್ನು ನಾನು ಹೇಳುವ ಅಗತ್ಯವಿಲ್ಲ.

ನಿನ್ನ ಹಾದಿ ನೋಡುತ್ತಿರುವ,
ಅಪ್ಪ

ಕಾಗದ ಮಡಿಸಿ, ಕವರಿಗೆ ಹಾಕಿ, ಅಂಟಿಸಿ, ಮತ್ತೆ ಕವರು ಒಡೆದು ಇಷ್ಟು ಬರೆಯುತ್ತಿದ್ದೇನೆ. ಸನ್ನೆಯ ವಿಷಯ ನಾನು ಬರೆದದ್ದು ನಿಜವಲ್ಲ. ನೀನು ಕೊಟ್ಟ ನೆಪ ಕೈಗೆ ಸಿಕ್ಕಿತು, ಹಿಡಿದುಕೊಂಡೆ. ಬೇಕರಿಯ ಡಿಶ್ಶಿನ ಹಳೆಯ ವೈರನ್ನು ಇಲಿ ಕಡಿದಿತ್ತು. ನೀನು ಬಂದಾಗ ನಾನು ಹೊಸ ವೈರಿನ ತುದಿ ಸುಲಿಯುತ್ತಿದ್ದೆ, ಅದು ಇನ್ನೂ ನನ್ನ ಕೈಯಲ್ಲೇ ಇತ್ತು. ವೈರು ಸಿಕ್ಕಿಸದ ಡಿಶ್ಶಿನಿಂದ ಕೆಳಗೆ ಚಿತ್ರ ಬರುವುದಿಲ್ಲ, ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ. ನಿನ್ನ ಮುಖ ನನಗೆ ಕಾಣಿಸಿತು ಪುಟ್ಟಿ. ನೀನು ಅಳುತ್ತಿದ್ದೆ. ಮನೆಯಲ್ಲಿ ಏನೋ ಆಗಿದೆ ಅಂತ ತಿಳಿಯಿತು. ಪಕ್ಕದ ಮಹಡಿಯವರು, "ಬನ್ನಿ ಸಾರ್, ಬನ್ನಿ ಸಾರ್" ಅಂತ ಕೈ ಚಾಚಿದ್ದರು. ನಿನಗೆ ಕೈ ಬೀಸಿ, ವೈರು ಅಲ್ಲೇ ಬಿಟ್ಟು ದಾಟಿದೆ. ಇಳಿದರೆ ಮತ್ತೆ ಹತ್ತಬೇಕಲ್ಲ ಅನ್ನಿಸಿತು.